ನಾಲ್ಕು ಬೆರಳು ಆಚೆ

ಎರಕದ ಕಾರ್ಖಾನೆಯ ಮುಂಭಾಗದಲ್ಲಿ, ಬಂದ ಅತಿಥಿಗಳು ಕೂರುವ ಹಾಲಿನ ಗೋಡೆಗೆ ಒಂದು ಟಿವಿ ಜಡಿದಿದ್ದಾರೆ. ಒಬ್ಬ ಆಳು ಎರಡೂ ಕೈ ಚಾಚಿ ನಿಂತರೆ ಅದರ ಅಗಲ ಸರಿಹೋಗುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದರಲ್ಲಿ ಓಡುವುದು ಒಂದೇ ಚಿತ್ರ, ಕಾರ್ಖಾನೆ ತನ್ನನ್ನು ತಾನೇ ಹೊಗಳಿಕೊಳ್ಳುವ ಚಿತ್ರ. ಅದೇ ಕಾರ್ಖಾನೆಯ ಹಿಂಭಾಗದಲ್ಲಿ, ಸೀಸದ ಬಾಗಿಲಿನ ಕೋಣೆಯೊಳಗೆ, ಎರಕದ ಹೊಟ್ಟೆಯಲ್ಲಿ ಬಿರುಕಿದೆಯೋ ಇಲ್ಲವೋ ಎಂದು ನೋಡುವ ಎಕ್ಸ್-ರೇ ಪ್ಲೇಟು ಇದೆ. ಅದರ ಅಗಲ ಒಂದೂಕಾಲು ಅಡಿ. ಹೊಗಳಿಕೆಗೆ ಐದಾರು ಅಡಿ ಬೇಕು, ಜನರ ಜೀವಕ್ಕೆ ಒಂದೂಕಾಲು ಅಡಿ ಸಾಕು. ಈ ಲೆಕ್ಕ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ ಎಂಬುದೇ ವಿಚಿತ್ರ.

ಆ ಪ್ಲೇಟಿನ ಮುಂದೆ ಹನ್ನೊಂದು ವರ್ಷ ಕೂತವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಬಳೆಯಕ್ಕ ಎಂದು. ಅವಳ ಕೈಯಲ್ಲಿ ಬಳೆ ಇಲ್ಲ. ಹೆಸರು ಬಂದದ್ದು ಬೇರೆ ಕಡೆಯಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಅವಳು ಈ ಗೇಟಿನೊಳಗೆ ಮೊದಲ ಸಲ ಕಾಲಿಟ್ಟದ್ದು ಹತ್ತೊಂಬತ್ತರ ವಯಸ್ಸಿನಲ್ಲಿ, ಅಚ್ಚಿನ ಮರಳು ಗುಡಿಸಲು. ನಾಲ್ಕು ವರ್ಷ ಮರಳು ತಿಂದ ಮೇಲೆ ಎಕ್ಸ್-ರೇ ಫಿಲಂ ತೊಳೆಯುವ ಕತ್ತಲೆ ಕೋಣೆಗೆ ಹಾಕಿದರು. ಔಷಧಿ ನೀರಲ್ಲಿ ಅದ್ದಿ ಅದ್ದಿ ಅವಳ ಬಲಗೈ ಉಗುರುಗಳು ಚಹಾ ಬಣ್ಣಕ್ಕೆ ತಿರುಗಿದವು, ಇವತ್ತಿಗೂ ಹಾಗೇ ಇವೆ. ಫಿಲಂ ಓದುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಒದ್ದೆ ಫಿಲಂ ಹಿಡಿದು ಬೆಳಕಿನ ಪೆಟ್ಟಿಗೆಯ ಮುಂದೆ ನಿಂತಾಗ ಎಂಜಿನಿಯರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದನ್ನು ಕಿವಿ ತೆರೆದು ಕೇಳಿದಳು, ಅಷ್ಟೇ. ಇದು ಗಾಳಿಗುಳ್ಳೆ, ಇದು ಮಣ್ಣು, ಇದು ಲೋಹ ಆರುವಾಗ ಸೆಳೆದು ಬಿಟ್ಟ ಬಿರುಕು. ಐದು ವರ್ಷದಲ್ಲಿ ಎಂಜಿನಿಯರುಗಳೇ, "ಸ್ವಲ್ಪ ನೋಡಮ್ಮ, ಇದೇನು?" ಎಂದು ಅವಳನ್ನು ಕೇಳುವಂತಾಯಿತು. ಸಂಬಳದ ಚೀಟಿಯಲ್ಲಿ ಮಾತ್ರ ಅವಳು ಫಿಲಂ ತೊಳೆಯುವವಳಾಗಿಯೇ ಉಳಿದಳು.

ಆಮೇಲೆ ಫಿಲಂ ಹೋಯಿತು, ಸಿಟಿ ಸ್ಕ್ಯಾನ್ ಮಿಷನ್ ಬಂತು. ಆಸ್ಪತ್ರೆಯಲ್ಲಿ ಮನುಷ್ಯ ಮಲಗುತ್ತಾನೆ, ಯಂತ್ರ ಸುತ್ತುತ್ತದೆ. ಇಲ್ಲಿ ಯಂತ್ರ ನಿಂತಿರುತ್ತದೆ, ಎರಕ ತಿರುಗುವ ಮೇಜಿನ ಮೇಲೆ ಕೂತು ಸುತ್ತುತ್ತದೆ. ಒಂದು ಕಡೆಯಿಂದ ಕಿರಣ, ಇನ್ನೊಂದು ಕಡೆ ಪ್ಲೇಟು. ಮೇಜು ಕೂದಲೆಳೆಯಷ್ಟು ತಿರುಗಿದಾಗಲೆಲ್ಲ ಒಂದು ಚಿತ್ರ. ಅಂಥ ಸಾವಿರಾರು ಚಿತ್ರ ಸೇರಿಸಿ ಕಂಪ್ಯೂಟರ್ ಆ ಎರಕವನ್ನು ಈರುಳ್ಳಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ. ಚಾಕು ಮುಟ್ಟಿಸದೆ ಹೊಟ್ಟೆ ನೋಡುವ ವಿದ್ಯೆ.

ಒಂದೂವರೆ ವರ್ಷದ ಹಿಂದೆ ರೈಲಿನವರ ಆರ್ಡರ್ ಬಂತು. ಬೋಗಿಯ ಅಡಿಯಲ್ಲಿ, ಗಾಲಿಗಳ ನಡುವೆ ಕೂರುವ ಗೇರ್ ಬಾಕ್ಸಿನ ಅಲ್ಯೂಮಿನಿಯಂ ಕವಚ. ಕಾರ್ಖಾನೆಯ ಭಾಷೆಯಲ್ಲಿ ಡಬ್ಬ. ಡಬ್ಬದ ಅಗಲ ಮೂರಡಿ, ಪ್ಲೇಟಿನದು ಒಂದೂಕಾಲು. ದೊಡ್ಡ ಪ್ಲೇಟು ಬೇಕು ಎಂದು ಬಳೆಯಕ್ಕ ಬರೆದುಕೊಟ್ಟಳು. ಗುಣಮಟ್ಟದ ಮ್ಯಾನೇಜರು ಆ ಕಾಗದವನ್ನು ಓದಲೂ ಇಲ್ಲ.

"ಇರೋದ್ರಲ್ಲೇ ಏನಾದ್ರೂ ಮಾಡಿ ಅಮ್ಮ. ನೀವು ಹಳೇ ಕೈ."

ಕೆಲಸ ಮಾಡಿಸಿಕೊಳ್ಳುವಾಗ ಹಳೇ ಕೈ. ಬಡ್ತಿ ಕೇಳಿದಾಗ ಫಿಲಂ ತೊಳೆಯುವ ಕೈ.

ಆದರೂ ಅವಳು ಮಾಡಿದಳು. ಕ್ಯಾಂಟೀನಿನಲ್ಲಿ ಒಂದು ತಿರುಗುವ ಸ್ಟೂಲಿನ ಮೇಲೆ ಬಕೆಟ್ ಕವುಚಿ ಇಟ್ಟು, ಮುಂದೆ ರಟ್ಟು ಹಿಡಿದು, ಬಕೆಟ್ಟಿನ ಒಂದೇ ಪಕ್ಕ ಕಾಣುವ ಹಾಗೆ ಮಾಡಿಕೊಂಡಳು. ಸ್ಟೂಲು ಒಂದು ಸುತ್ತು ಸುತ್ತಿತು. ಮರೆಯಾಗಿದ್ದ ಪಕ್ಕ ತಾನಾಗಿಯೇ ಎದುರಿಗೆ ಬಂತು. ಅಂದರೆ ಪೂರ್ತಿ ಅಗಲ ಒಟ್ಟಿಗೆ ನೋಡುವ ಅಗತ್ಯವೇ ಇಲ್ಲ. ನಡುವಿನಿಂದ ಅಂಚಿನವರೆಗೆ ಅರ್ಧ ಕಂಡರೆ ಸಾಕು, ಉಳಿದರ್ಧವನ್ನು ಮೇಜು ತಂದುಕೊಡುತ್ತದೆ. ಆ ಅರ್ಧಕ್ಕೂ ಪ್ಲೇಟು ಸಾಲದಿದ್ದರೆ, ಮೊದಲು ನಡುವಿನ ಹತ್ತಿರ ಇಟ್ಟು ಒಂದು ಸುತ್ತು, ಆಮೇಲೆ ಪಕ್ಕಕ್ಕೆ ಸರಿಸಿ ಇನ್ನೊಂದು ಸುತ್ತು. ಎರಡನ್ನೂ ಸೇರಿಸಿದರೆ ಮೂರಡಿ ಡಬ್ಬ ಒಂದೂಕಾಲು ಅಡಿ ಪ್ಲೇಟಿನೊಳಗೆ ಸಿಕ್ಕಿಬೀಳುತ್ತದೆ. "ಚಿಕ್ಕ ಕಣ್ಣು, ದೊಡ್ಡ ನೋಟ" ಎಂದು ಹೆಸರಿಟ್ಟು ಕಾರ್ಖಾನೆ ಇದಕ್ಕೊಂದು ಬಹುಮಾನವನ್ನೂ ಹೊಡೆಯಿತು. ಫೋಟೋದಲ್ಲಿ ಫಲಕ ಹಿಡಿದು ನಿಂತವರು ಮ್ಯಾನೇಜರು. ಬಕೆಟ್ ಕ್ಯಾಂಟೀನಿಗೆ ವಾಪಸ್ ಹೋಯಿತು.

ಈ ಉಪಾಯಕ್ಕೆ ಒಂದು ಊನವಿತ್ತು. ಎರಡು ಸುತ್ತು ಸೇರುವ ಜಾಗದಲ್ಲಿ, ಚಿತ್ರದ ಮೇಲೆ, ಮೇಜಿನ ನಡುವನ್ನು ಕೇಂದ್ರ ಮಾಡಿಕೊಂಡು ತೆಳ್ಳನೆಯ ಒಂದು ವೃತ್ತ ಮೂಡುತ್ತಿತ್ತು. ಎರಕದಲ್ಲಿ ಇಲ್ಲದ್ದು, ಚಿತ್ರದಲ್ಲಿ ಮಾತ್ರ ಇರುವುದು. "ಬಳೆ ಬಂತು ನೋಡಿ" ಎಂದು ಅವಳು ಮೊದಲ ದಿನ ಅಂದದ್ದೇ ಹೆಸರಾಗಿ ಅಂಟಿಕೊಂಡಿತು. ಬಳೆ ಅಳಿಸುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಮೇಜಿನ ನಡುವಿನ ಸುತ್ತ ಗುಂಡಗೆ ಕಂಡದ್ದನ್ನೆಲ್ಲ ಅದು ಒರೆಸಿಹಾಕುತ್ತದೆ. ಅವಳು ಟಿಕ್ ಹಾಕಿದ್ದೇ ಹಾಕಿದ್ದು, ಮತ್ತೆ ಯಾರೂ ತೆಗೆಯಲಿಲ್ಲ. ಇನ್ನು ಡಬ್ಬ ಪ್ರತಿ ಸಲವೂ ಒಂದೇ ಜಾಗಕ್ಕೆ ಕೂರಲಿ ಎಂದು ಅವಳೇ ಬಡಗಿಯ ಹತ್ತಿರ ಮರದ ಗೂಟವೊಂದನ್ನು ಮಾಡಿಸಿ ಮೇಜಿನ ನಟ್ಟನಡುವೆ ನಿಲ್ಲಿಸಿದಳು. ಡಬ್ಬದ ನಡುವೆ ಬೇರಿಂಗ್ ಕೂರುವ ದೊಡ್ಡ ತೂತು ಇದೆಯಲ್ಲ, ಅದು ಆ ಗೂಟಕ್ಕೆ ಟೋಪಿಯ ಹಾಗೆ ಕೂರುತ್ತಿತ್ತು. ಅಚ್ಚುಕಟ್ಟು ಕೆಲಸ. ಹಾಗೆ ನೂರ ಹನ್ನೆರಡು ಡಬ್ಬ ಅವಳ ಸಹಿಯ ಜೊತೆ ಹೊರಗೆ ಹೋದವು.

ಒಂದು ಬುಧವಾರ ಗೂಟ ಸೀಳಿಹೋಗಿತ್ತು. ಕ್ರೇನ್ ನಡೆಸುವ ಅಣ್ಣ ನೂರ ಹದಿಮೂರನೆಯ ಡಬ್ಬವನ್ನು ಕಣ್ಣಂದಾಜಿನಲ್ಲೇ ಇಳಿಸಿದ. ಸೀಸದ ಬಾಗಿಲು ಮುಚ್ಚಿದ ಮೇಲೆ ಕ್ಯಾಮರಾದಲ್ಲಿ ನೋಡಿದರೆ ಡಬ್ಬ ನಾಲ್ಕು ಬೆರಳು ಆಚೆ ಕೂತಿದೆ.

"ಕಣ್ಣು ಕ್ರೇನಿನ ಮೇಲೆ ಇಟ್ಟು ಬಂದೆಯಾ ಅಣ್ಣ? ವಾರೆ ಇದೆ."

"ಮದುವೆ ಮಂಟಪದಲ್ಲಿ ಕೂರಿಸ್ತಿದೀವಾ ಅಕ್ಕ? ಸ್ಕ್ಯಾನ್ ತಾನೆ, ಆಗುತ್ತೆ ಬಿಡು."

ಹೊರಗಿನ ಅಂಚು ಹೇಗೂ ಪ್ಲೇಟಿನೊಳಗೆ ಬರುತ್ತಿತ್ತು. ಆಗಲಿ ಎಂದು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಚಿತ್ರ ಬಂತು. ಬಳೆ ಅಳಿಸಿದ್ದ ಚಿತ್ರ. ಆದರೂ ಒಂದು ಬಳೆ ಉಳಿದಿತ್ತು. ಪೂರ್ತಿ ಬಳೆಯಲ್ಲ, ಬಳೆಯ ಚೂರು. ಅದು ಸುತ್ತಿದ್ದು ಮೇಜಿನ ನಡುವನ್ನಲ್ಲ, ಬೇರಿಂಗ್ ತೂತನ್ನು.

ಅವಳು ಚಹಾ ಲೋಟ ಕೆಳಗಿಟ್ಟಳು. ಮೇಜಿನಿಂದ ಹುಟ್ಟಿದ ಬಳೆ ಮೇಜಿನ ನಡುವನ್ನು ಬಿಟ್ಟು ಕದಲುವುದಿಲ್ಲ. ಡಬ್ಬ ಸರಿದಾಗ ಅದರ ಜೊತೆ ಸರಿಯುವುದು ಡಬ್ಬದ್ದೇ ಆಗಿರಬೇಕು. ಬಡಗಿಯಿಂದ ಹೊಸ ಗೂಟ ತರಿಸಿ ಅದೇ ಡಬ್ಬವನ್ನು ನೇರ ಕೂರಿಸಿ ಮತ್ತೆ ನೋಡಿದಳು. ಕನ್ನಡಿಯ ಹಾಗೆ ಸ್ವಚ್ಛ, ಏನೂ ಇಲ್ಲ. ಟಿಕ್ ತೆಗೆದು ನೋಡಿದಳು: ಸ್ಕ್ಯಾನಿನ ಬಳೆಯ ಮೈಗೆ ಮೈ ತಾಗಿಸಿಕೊಂಡು ಆ ಚೂರು ಮಲಗಿತ್ತು.

"ಅಣ್ಣ, ಇದನ್ನ ಎತ್ತು. ನಾಲ್ಕು ಬೆರಳು ಈ ಕಡೆ ಇಡು."

"ಬೆಳಗ್ಗೆ ವಾರೆ ಇಟ್ಟೆ ಅಂತ ಬೈದೆ. ಈಗ ನೀನೇ ವಾರೆ ಇಡು ಅಂತೀಯ. ಏನಾಯ್ತು ನಿಂಗೆ, ಮುಖ ಬೂದಿ ಆಗಿದೆ?"

"ನನ್ನ ಮಾತು ಕೇಳಿ ಒಂದೂವರೆ ವರ್ಷ ನೇರ ಇಟ್ಟೆಯಲ್ಲ, ಇವತ್ತೊಂದು ದಿನ ವಾರೆ ಇಡು ಪುಣ್ಯಾತ್ಮ."

ಮೂರನೆಯ ಸಲವೂ ಚೂರು ತೂತಿನ ಜೊತೆಯೇ ಸರಿಯಿತು. ಲೋಹ ಆರುವಾಗ ಬೇರಿಂಗ್ ತೂತಿನ ಸುತ್ತ ಸೆಳೆತ ಹೆಚ್ಚು, ಬಿರುಕು ಬಿಟ್ಟರೆ ಅಲ್ಲೇ, ಗುಂಡಗೇ ಬಿಡುತ್ತದೆ. ತೂತನ್ನು ಮೇಜಿನ ನಡುವಿಗೆ ತಂದು ಕೂರಿಸಿದ್ದು ಅವಳ ಗೂಟ. ಗುಂಡಗಿದ್ದದ್ದನ್ನೆಲ್ಲ ಒರೆಸಿದ್ದು ಅವಳ ಟಿಕ್. ಎರಡೂ ಒಟ್ಟಿಗೆ ಸೇರಿದಾಗ ಬಿರುಕು ಯಂತ್ರದ ಕಣ್ಣಿಗೆ ಬಳೆಯಾಗಿಬಿಟ್ಟಿತು, ಯಂತ್ರ ಅದನ್ನು ನೀಟಾಗಿ ಅಳಿಸಿ "ಪಾಸ್" ಎಂದಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿ ಹಾಕಿದವಳು ಅವಳೇ.

ಮ್ಯಾನೇಜರು ಚಿತ್ರವನ್ನು ಒಂದು ಕ್ಷಣ ನೋಡಿದರು.

"ಬಳೆ ಅದು, ಅಮ್ಮ. ನಿಮಗೇ ನಾನು ಹೇಳ್ಕೊಡಬೇಕಾ?"

"ನಮ್ಮ ಬಳೆ ಮೇಜಿಂದು ಸಾರ್. ಡಬ್ಬ ಸರಿಸಿದ್ರೂ ಅದು ಸರಿಯಬಾರದು. ಇದು ಡಬ್ಬದ ಹಿಂದೆನೇ ಹೋಗ್ತಿದೆ. ಮೂರು ಸಲ ನೋಡಿದೆ."

"ಹಾಗಂದ್ರೆ?"

"ಇದು ಬಿರುಕು."

ಅವರು ಕುರ್ಚಿಗೆ ಒರಗಿ ಕಣ್ಣು ಉಜ್ಜಿಕೊಂಡರು. "ಸರಿ. ಇದೊಂದನ್ನ ಪಕ್ಕಕ್ಕೆ ಹಾಕಿ, ಕರಗಿಸೋಣ."

"ಹೋಗಿರೋ ನೂರ ಹನ್ನೆರಡು?"

"ಹೋಗಿದ್ದು ಹೋಯ್ತು. ಒಂದೂವರೆ ವರ್ಷದಿಂದ ಓಡ್ತಾ ಇಲ್ವಾ? ಏನಾದ್ರೂ ಆಗಿದೆಯಾ?"

"ಆಗೋ ತನಕ ಯಾವುದೂ ಆಗಿರಲ್ಲ ಸಾರ್."

"ನಿಮ್ಮ ಮನೆಯವರು ಯಾರಾದ್ರೂ ಆ ರೈಲಲ್ಲಿ ಓಡಾಡ್ತಾರಾ?"

"ಇಲ್ಲ ಸಾರ್."

"ಮತ್ತೆ ನಿಮಗ್ಯಾಕಮ್ಮ ಹೊಟ್ಟೆನೋವು?"

ಈ ಪ್ರಶ್ನೆಯನ್ನು ಓದುಗರು ಇನ್ನೊಮ್ಮೆ ಓದಬೇಕು. ಕೇಳಿದವರು ರೌಡಿಯಲ್ಲ. ದೊಡ್ಡ ಓದು ಓದಿದವರು, ಕುತ್ತಿಗೆಯಲ್ಲಿ "ಗುಣಮಟ್ಟ" ಎಂದು ಬರೆದ ಚೀಟಿ ತೂಗುಹಾಕಿಕೊಂಡವರು. ನಮ್ಮ ಸುತ್ತ ಬಿದ್ದ ಸೇತುವೆ, ಹತ್ತಿ ಉರಿದ ಬಸ್ಸು, ಕಳಚಿದ ಗಾಲಿ, ಇವುಗಳಲ್ಲಿ ಎಷ್ಟರ ಹಿಂದೆ ಯಾರೋ ಒಬ್ಬರು ಇದೇ ಪ್ರಶ್ನೆಯನ್ನು ಇಷ್ಟೇ ತಣ್ಣಗೆ ಕೇಳಿರುತ್ತಾರೋ! ನಮ್ಮವರು ಕೂರದ ರೈಲಿನಲ್ಲಿ ಕೂತವರು ಮನುಷ್ಯರಲ್ಲ ಎಂಬ ಪಾಠ ಯಾವ ಶಾಲೆಯ ಯಾವ ತರಗತಿಯಲ್ಲಿ ಇದೆ?

ಬಳೆಯಕ್ಕ ಎದ್ದು ನಿಂತಳು. ಮ್ಯಾನೇಜರು ಹಿಂದಿನಿಂದ ಕರೆದರು.

"ಒಂದ್ನಿಮಿಷ. ಆ ನೂರ ಹನ್ನೆರಡಕ್ಕೂ ಸಹಿ ಯಾರದ್ದು?"

"ನಂದು ಸಾರ್."

"ಅಷ್ಟು ನೆನಪಿದ್ರೆ ಸಾಕು."

ಬಹುಮಾನಕ್ಕೆ ಇಲ್ಲದಿದ್ದ ಅವಳ ಹೆಸರು ಹೊಣೆಗೆ ಮಾತ್ರ ತಟ್ಟನೆ ನೆನಪಾಯಿತು.

ಅವಳ ಗಂಡನದು ಬಸ್ ನಿಲ್ದಾಣದ ಎದುರು ಒಂದೇ ಕುರ್ಚಿಯ ಕ್ಷೌರದಂಗಡಿ. ಮಾರನೆಯ ದಿನ ಅವಳಿಗೆ ವಾರದ ರಜೆ. ಗಿರಾಕಿಗಳಿಲ್ಲದ ಮೂರು ಗಂಟೆಯ ಹೊತ್ತಿಗೆ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು. ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಾ ಕೇಳಿಸಿಕೊಂಡ.

"ಮಿಷನ್ ಪಾಸ್ ಅಂದಿದೆ, ನೀನು ಸಹಿ ಹಾಕಿದೀಯ. ನಿನ್ನ ತಪ್ಪೇನಿದೆ ಇದರಲ್ಲಿ?"

"ಗೂಟ ನಂದು. ಟಿಕ್ ನಂದು. ಸಹಿನೂ ನಂದು. ಇನ್ನೇನು ಉಳೀತು ರೀ?"

"ಕೆಲಸ ಹೋಗುತ್ತೆ ಕಣೇ."

"ಹೋಗುತ್ತೆ."

"ಊರ ಉಸಾಬರಿ ಕಟ್ಕೊಂಡು ನಮ್ಮ ಒಲೆ ಆರಿಸ್ಕೊಳ್ಳೋದು ಯಾವ ಜಾಣತನ? ನೋಡು, ನನ್ನ ಕೆಲಸದಲ್ಲೂ ತಪ್ಪಾಗುತ್ತೆ. ಹೋದವಾರ ಆ ಮೇಷ್ಟ್ರ ಕೂದಲು ಒಂದು ಪಕ್ಕ ಇಲಿ ತಿಂದ ಹಾಗಾಯ್ತು. ಸುಮ್ಮನಿದ್ದೆ. ಹದಿನೈದು ದಿನದಲ್ಲಿ ಬೆಳೆಯುತ್ತೆ, ಮರೀತಾರೆ."

"ಬಿರುಕೂ ಬೆಳೆಯುತ್ತೆ ರೀ."

ಅವನ ಕೈ ಪಟ್ಟಿಯ ಮೇಲೆ ನಿಂತಿತು. "ಏನು ಮಾಡಬೇಕು ಅಂತಿದೀಯ?" ಎಂದ.

ಅವಳು ಚೀಲದಿಂದ ಒಂದು ಸರ್ಟಿಫಿಕೇಟ್ ತೆಗೆದಳು. ಪ್ರತಿ ಡಬ್ಬದ ಜೊತೆ ಹೋಗುವ, ಅವಳು ನೂರ ಹನ್ನೆರಡು ಸಲ ಸಹಿ ಹಾಕಿದ ಕಾಗದ. ಅದರ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹನ್ನೆರಡು ನಿಯಮಗಳಿದ್ದವು, ಯಾರೂ ಓದದಿರಲಿ ಎಂದೇ ಅಚ್ಚು ಹಾಕಿದಂಥವು. ಹಿಂದಿನ ಸಂಜೆ ಅವಳು ಕನ್ನಡಕ ಹಾಕಿಕೊಂಡು ಓದಿದ್ದಳು. ಒಂಬತ್ತನೆಯದು: ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಸಹಿ ಹಾಕಿದವರು ಕಾರಣ ಬರೆದು ಸಹಿಯನ್ನು ಹಿಂಪಡೆಯಬಹುದು. ಕೆಳಗೆ ರೈಲಿನವರ ಪರೀಕ್ಷಾ ಕಚೇರಿಯ ವಿಳಾಸ. ಮ್ಯಾನೇಜರ ಅಪ್ಪಣೆ ಬೇಕು ಎಂದು ಎಲ್ಲೂ ಇರಲಿಲ್ಲ.

"ನೀನು ಹೇಳು, ನಾನು ಬರೀತೀನಿ. ನಿನ್ನ ಅಕ್ಷರ ದೇವರಿಗೂ ಓದಕ್ಕಾಗಲ್ಲ" ಎಂದ ಗಂಡ.

"ಬೇಡ. ಸಹಿ ಹಾಕಿದ ಕೈಯೇ ಬರೀಬೇಕು."

ಮುಂದಿನ ಗಿರಾಕಿ ಬರುವವರೆಗೂ ಬರೆದಳು, ಬಂದ ಮೇಲೂ ಬರೆದಳು. ದಿನಚರಿ ನೋಡಿಕೊಂಡು ನೂರ ಹನ್ನೆರಡು ಡಬ್ಬಗಳ ನಂಬರು, ಒಂದರ ಕೆಳಗೆ ಒಂದು. ಆಮೇಲೆ ನಾಲ್ಕು ಸಾಲು: "ಎರಕದ ತೂತು ಮೇಜಿನ ನಡುವಿಗೆ ಬಂದಿದ್ದರಿಂದ ತೂತಿನ ಸುತ್ತಲ ಬಿರುಕನ್ನು ಯಂತ್ರ ಅಳಿಸಿದೆ. ಹಾಗೆ ಕೂರಿಸಿದವಳು ನಾನು. ತಪ್ಪು ನನ್ನದು. ಎಲ್ಲವನ್ನೂ ನಾಲ್ಕು ಬೆರಳು ಆಚೆ ಇಟ್ಟು, ಅಳಿಸದೆ, ಮತ್ತೆ ನೋಡಬೇಕು; ಅಲ್ಲಿಯವರೆಗೆ ನನ್ನ ಸಹಿ ಸಲ್ಲದು." ಬಸ್ ನಿಲ್ದಾಣದ ಪಕ್ಕದ ಅಂಚೆ ಕಚೇರಿ ಮುಚ್ಚುವ ಮುಂಚೆ ರಿಜಿಸ್ಟರ್ ಮಾಡಿ ಬಂದಳು.

ತಪ್ಪು ನನ್ನದು. ಆ ಕಾರ್ಖಾನೆಯ ಚರಿತ್ರೆಯಲ್ಲಿ ಈ ಎರಡು ಶಬ್ದ ಒಟ್ಟಿಗೆ ಬರೆದ ಮೊದಲ ಕಾಗದ ಅದೇ ಇರಬೇಕು.

ನಾಲ್ಕನೆಯ ದಿನ, ಆ ಡಬ್ಬಗಳಿದ್ದ ಬೋಗಿಗಳು ಓಡುವ ಮಾರ್ಗದ ರೈಲುಗಳು ನಿಂತವು. ಐದನೆಯ ದಿನ ಕಂಪನಿಯ ಗುಟ್ಟು ಹೊರಗೆ ಹಾಕಿದ ಆರೋಪದ ಮೇಲೆ, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಬೇಕೆಂದು ಬಳೆಯಕ್ಕನಿಗೆ ಆದೇಶ ಬಂತು. ಗುಟ್ಟಂತೆ! ಗಾಲಿಗಳ ನಡುವೆ ಬಿರುಕು ಇಟ್ಟುಕೊಂಡು ನಿಲ್ದಾಣದಿಂದ ನಿಲ್ದಾಣಕ್ಕೆ ಓಡುತ್ತಿದ್ದದ್ದು ಕಂಪನಿಯ ಗುಟ್ಟು; ಅದರ ಮೇಲೆ ಕೂತು ಓಡಾಡುತ್ತಿದ್ದವರಿಗೆ ಅದು ಗೊತ್ತಾಗಬಾರದಿತ್ತು.

ಎರಡು ವಾರ ಅವಳು ಗಂಡನ ಅಂಗಡಿಯ ಬೆಂಚಿನ ಮೇಲೆ ಕೂತು ಟವೆಲ್ ಮಡಚಿದಳು. ಸುದ್ದಿ ತರುತ್ತಿದ್ದವನು ಕ್ರೇನಣ್ಣ. ಬಂದವನೇ ಕುರ್ಚಿಯಲ್ಲಿ ಕೂತು ಗಡ್ಡ ಮುಂದೆ ಮಾಡುತ್ತಿದ್ದ.

"ರೈಲಿನ ಇನ್ಸ್‌ಪೆಕ್ಟರ್ ಮೇಡಂ ಬಂದು ಅಲ್ಲೇ ಕೂತಿದಾರೆ ಅಕ್ಕ. ಜಗ್ಗಲ್ಲ. ಬೋಗಿಯಿಂದ ಬಿಚ್ಚಿದ ಡಬ್ಬ ಲಾರಿಯಲ್ಲಿ ಬರ್ತಿವೆ, ಒಂದೊಂದನ್ನೂ ವಾರೆ ಇಟ್ಟು ನೋಡ್ತಿದೀವಿ."

"ಎಷ್ಟಾಯ್ತು?"

"ಅರವತ್ತು ನೋಡಾಯ್ತು. ಐದರಲ್ಲಿ ಇದೆ." ಅವನು ದನಿ ತಗ್ಗಿಸಿದ. "ಒಂದರಲ್ಲಿ ಹೊರಗೋಡೆ ಕಾಗದದಷ್ಟು ತೆಳ್ಳಗೆ ಉಳಿದಿತ್ತು ಅಕ್ಕ, ಅಷ್ಟೇ. ಮೇಡಂ ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದ್ರು."

ಬಳೆಯಕ್ಕನ ಕೈಯಲ್ಲಿದ್ದ ಟವೆಲ್ ಮಡಿಕೆ ತಪ್ಪಿತು. ಐದರಲ್ಲಿ ಇದೆ ಎಂದು ಕೇಳಿದಾಗ ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಐದು ಸಲ ಸಹಿ ಹಾಕಿದ್ದೆ ಅನ್ನಿಸಿತು.

"ಮ್ಯಾನೇಜರ್ ಏನಂತಾರೆ?" ಗಂಡ ಕೇಳಿದ.

"ಅಯ್ಯೋ, ಅದೊಂದು ನಾಟಕ! 'ಇದು ನಾವು ಕಂಡುಹಿಡಿದ ಹೊಸ ವಿಧಾನ ಮೇಡಂ' ಅಂದ. ಆ ಯಮ್ಮ ಅಕ್ಕನ ಕಾಗದ ಎದುರಿಗೇ ಇಟ್ಕೊಂಡು ಕೇಳಿದ್ರು, 'ನಾಲ್ಕು ಬೆರಳು ಅಂದ್ರೆ ಯಾರ ಬೆರಳು?' ಇವನು ತನ್ನ ಕೈ ಚಾಚಿದ! ಅವನ ಬೆರಳೋ, ಒಂದೊಂದು ಒನಕೆ. ಲೆಕ್ಕ ತಪ್ಪುತ್ತೆ. ನಾನು ಅಕ್ಕನ ಬೆರಳಿನ ಅಳತೆಗೇ ಇಡ್ತಿದೀನಿ, ಯಾರಿಗೂ ಹೇಳಿಲ್ಲ."

"ದೊಡ್ಡ ಪ್ಲೇಟ್ ತರಿಸ್ತಾರಂತಾ?" ಅವಳು ಕೇಳಿದಳು.

"ಟಿವಿಲಿ ಹೊಸ ಚಿತ್ರ ಹಾಕ್ತಾರಂತೆ. ಸುರಕ್ಷತೆಯೇ ನಮ್ಮ ಉಸಿರು ಅಂತ."

ಗಂಡ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಇನ್ನೂ ಐವತ್ತೆರಡು ಡಬ್ಬ ನೋಡುವುದು ಬಾಕಿಯಿತ್ತು. ಅಷ್ಟನ್ನೂ ಹೊಸಬರು ನೋಡುತ್ತಿದ್ದಾರೆ, ಬಿರುಕಿನ ಕೊನೆ ಎಲ್ಲಿ ಮಸುಕಾಗುತ್ತದೆ ಎಂದು ಅವರಿಗೆ ತಿಳಿಯುತ್ತದೋ ಇಲ್ಲವೋ. ಆ ಚಿಂತೆಯೇ ಅವಳನ್ನು ಕೊರೆಯುತ್ತಿತ್ತು. ಕೆಲಸದ ಚಿಂತೆ ಎಂದು ಗಂಡ ತಿಳಿದಿದ್ದ. ಅದೂ ಇತ್ತು, ಆದರೆ ಹಿಂದಿನ ಸಾಲಿನಲ್ಲಿ.

ಮಾರನೆಯ ಬೆಳಗ್ಗೆ ಕುರ್ಚಿಯಲ್ಲಿ ಒಬ್ಬ ಹೊಸ ಗಿರಾಕಿ. ಮುಖಕ್ಕೆಲ್ಲ ಸೋಪಿನ ನೊರೆ, ಮಾತು ಮಾತ್ರ ನಿಂತಿರಲಿಲ್ಲ.

"ಎರಡು ವಾರದಿಂದ ರೈಲಿಲ್ಲ ಸ್ವಾಮಿ. ಮೂರು ಬಸ್ ಹತ್ತಿ ಇಳಿದು ಆಫೀಸಿಗೆ ಹೋಗ್ತಿದೀನಿ. ದಿನಾ ಲೇಟು, ದಿನಾ ಬೈಗುಳ. ಯಾವನೋ ತಲೆಕೆಟ್ಟೋನು ಕಾಗದ ಬರೆದನಂತೆ, ಇವರು ರೈಲು ನಿಲ್ಲಿಸಿದ್ರಂತೆ. ಅಂಥೋನನ್ನ ಹಿಡಿದು..."

"ಮುಖ ಅಲ್ಲಾಡಿಸಬೇಡಿ" ಎಂದ ಗಂಡ. ಕತ್ತಿ ಗಿರಾಕಿಯ ಗಂಟಲ ಹತ್ತಿರವಿತ್ತು. "ಬರೆದೋನಲ್ಲ, ಬರೆದೋಳು. ನನ್ನ ಹೆಂಡ್ತಿ. ನಿಮ್ಮ ಹಿಂದೆ ಬೆಂಚಿನ ಮೇಲೆ ಕೂತಿದಾಳೆ."

ಗಿರಾಕಿ ಅಲ್ಲಾಡಲಿಲ್ಲ. ಅಲ್ಲಾಡುವ ಸ್ಥಿತಿಯಲ್ಲೂ ಇರಲಿಲ್ಲ. ಗಂಡ ಒಂದು ಕೆನ್ನೆ ಮುಗಿಸಿ ಕತ್ತಿ ಒರೆಸಿದ ಮೇಲೆ ಗಿರಾಕಿ ಕನ್ನಡಿಯಲ್ಲೇ ಅವಳನ್ನು ಹುಡುಕಿದ.

"ಬಿರುಕು... ನಿಜವಾಗ್ಲೂ ಇತ್ತಾ ಅಮ್ಮ?"

"ನಿನ್ನೆವರೆಗೆ ಐದರಲ್ಲಿ."

ಅವನ ಒಂದು ಕೆನ್ನೆ ಬೋಳು, ಇನ್ನೊಂದರಲ್ಲಿ ನೊರೆ ಒಣಗುತ್ತಿತ್ತು.

"ನಾನು ದಿನಾ ಕೂರ್ತಿದ್ದ ಬೋಗಿಯಲ್ಲಿ?"

"ಬೋಗಿ ನಂಬರ್ ಗೊತ್ತಿದೆಯಾ?"

"ನಂಬರಾ? ಜಾಗ ಸಿಕ್ಕ ಕಡೆ ಹತ್ತಿ ಕೂರೋದು. ಬೋಗಿ ಅಡಿಯಲ್ಲಿ ಏನಿದೆ ಅಂತ ನಾವು ನೋಡ್ತೀವಾ ಅಮ್ಮ?"

"ನೀವ್ಯಾಕೆ ನೋಡಬೇಕು?" ಎಂದಳು ಬಳೆಯಕ್ಕ. ಅವಳ ದನಿ ಸಿಟ್ಟಿನಿಂದ ನಡುಗುತ್ತಿತ್ತು. ಆ ಸಿಟ್ಟು ಅವನ ಮೇಲಲ್ಲ ಎಂದು ಅವನಿಗೂ ತಿಳಿಯಿತು. "ನೋಡೋಕೆ ಅಂತಲೇ ನಮ್ಮನ್ನ ಇಟ್ಕೊಂಡಿರೋದು."